ಸೊನ್ನೆಯಣ್ಣನ ಕಾಲು ಗಂಟೆ

ಕಂಪ್ಯೂಟರ್ ರಿಪೇರಿಗೆ ನನ್ನನ್ನು ಕರೆಯುವವರಲ್ಲಿ ಎರಡು ಬಗೆ. "ನಾನೇನೂ ಮುಟ್ಟಿಲ್ಲ, ತಾನಾಗೇ ಹೀಗಾಯ್ತು" ಎಂದು ಆಣೆ ಇಡುವವರು ಒಂದು. ಎಲ್ಲವನ್ನೂ ಮುಟ್ಟಿ, ಬಿಚ್ಚಿ, ಮಿಕ್ಕಿದ ಎರಡು ಸ್ಕ್ರೂಗಳನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿರುವವರು ಇನ್ನೊಂದು. ಸೊನ್ನೆಯಣ್ಣ ಎರಡಕ್ಕೂ ಸೇರಿದವನಲ್ಲ. ಅವನು ನನ್ನನ್ನು ಕರೆಯಲೇ ಇಲ್ಲ. ಕರೆದದ್ದು ಅವನ ಯಜಮಾನರು, ಅದೂ ಫೋನಿನಲ್ಲಿ ಕೂಗಾಡುತ್ತ.

ವಿಷಯ ಇಷ್ಟೇ. ಊರಾಚೆ ಜಲ್ಲಿ ಕ್ರಷರಿಗೆ ಹೋಗುವ ರಸ್ತೆಯಲ್ಲಿ ಅವರದೊಂದು ವೇಬ್ರಿಡ್ಜ್ ಇತ್ತು, ಅಂದರೆ ಲಾರಿ ತೂಗುವ ಕಟ್ಟೆ. ಅಲ್ಲಿನ ಕಂಪ್ಯೂಟರ್ ದಿನಾ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಕೆಲಸಕ್ಕೆ ಬರುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿಸಿ, ತನ್ನ ಹಾರ್ಡ್ ಡಿಸ್ಕನ್ನು ತಾನೇ ತಪಾಸಣೆ ಮಾಡಿಕೊಳ್ಳುತ್ತ ಕೂರುತ್ತಿತ್ತು. ನೂರಕ್ಕೆ ಒಂದು, ನೂರಕ್ಕೆ ಎರಡು ಎಂದು ಲೆಕ್ಕ ಏರಿ ಮುಗಿಯಲು ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಹೊರಗೆ ಲಾರಿಗಳ ಸಾಲು ಬೆಳೆಯುತ್ತಿತ್ತು. ಕೆಲವರು ಬೇಸತ್ತು ಊರಿನ ಆ ತುದಿಯಲ್ಲಿರುವ ಇನ್ನೊಂದು ವೇಬ್ರಿಡ್ಜಿಗೆ ಹೋಗತೊಡಗಿದ್ದರು. ಇದು ಸರಿಯಾಗದಿದ್ದರೆ ಕ್ಯಾಮೆರಾ ಇಟ್ಟು, ಕಾರ್ಡು ಕೊಟ್ಟು, ಆಳೇ ಇಲ್ಲದೆ ನಡೆಯುವ ಮಷೀನು ಹಾಕಿಸುತ್ತೇನೆ, ಕಂಪನಿಯವರು ಬಂದು ಜಾಗ ನೋಡಿಕೊಂಡೂ ಹೋಗಿದ್ದಾರೆ ಎಂದರು ಯಜಮಾನರು. ಇದನ್ನು ಅಲ್ಲಿ ಕೂರುವವನಿಗೆ ಹೇಳಬೇಡಿ ಎಂದೂ ಸೇರಿಸಿದರು.

ಮಾರನೆಯ ಬೆಳಿಗ್ಗೆ ಸ್ಕೂಟರಿನಲ್ಲಿ ಹೋದೆ. ಮೈಯೆಲ್ಲ ಜಲ್ಲಿಯ ಬೂದಿ ಧೂಳು. ರಸ್ತೆಯ ಮಟ್ಟಕ್ಕೇ ಹಾಸಿದ ಉದ್ದನೆಯ ಉಕ್ಕಿನ ಕಟ್ಟೆ, ಪಕ್ಕದಲ್ಲಿ ತಗಡಿನ ಮಾಡಿನ ಒಂದು ಪುಟ್ಟ ಕೋಣೆ, ಕೋಣೆಗೆ ತಲೆ ಹಿಡಿಸುವಷ್ಟು ಕಿಟಕಿ. ಹೊರಗಿನ ಬೆಂಚಿನ ಮೇಲೂ ಸುತ್ತಲೂ ಆರೇಳು ಡ್ರೈವರುಗಳು ಟೀ ಲೋಟ ಹಿಡಿದು ನಗುತ್ತಿದ್ದರು. ನಡುವೆ ಒಬ್ಬ ಸಣಕಲು ಮನುಷ್ಯ, ತಲೆಯ ಕೂದಲು ಅರ್ಧ ಬಿಳಿ, ಒಬ್ಬ ಡ್ರೈವರಿನ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು, ಅದರಲ್ಲಿದ್ದ ಹಸುಗೂಸಿನ ಫೋಟೋ ನೋಡಿ, ಮೂಗು ಅಪ್ಪನದು, ಪುಣ್ಯಕ್ಕೆ ಬಣ್ಣ ಅಮ್ಮನದು ಎಂದು ತೀರ್ಪು ಕೊಡುತ್ತಿದ್ದ. ಎಲ್ಲರೂ ಗೊಳ್ಳೆಂದರು. ನನ್ನ ಹೆಗಲ ಚೀಲ ಕಂಡು, ಒಬ್ಬ "ರಿಪೇರಿ ಅಕ್ಕ ಬಂದ್ಲು, ಇನ್ನು ನಮ್ಮ ಹಣೆಬರಹ ನೆಟ್ಟಗಾಯ್ತು" ಎಂದ. ಆ ಸಣಕಲು ಮನುಷ್ಯನ ಮುಖದ ನಗು ಮಾತ್ರ ಸ್ವಲ್ಪ ಇಳಿಯಿತು. ನಾನು ಅದನ್ನು ನೋಡಿದೆ, ಆದರೆ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಅವನೇ ಸೊನ್ನೆಯಣ್ಣ. ಡ್ರೈವರುಗಳು ಇಟ್ಟ ಹೆಸರು. ಲಾರಿ ಕಟ್ಟೆ ಹತ್ತುವ ಮೊದಲು ತೂಕದ ಕೆಂಪು ಅಂಕಿ ಸೊನ್ನೆ ತೋರಿಸುತ್ತಿರಬೇಕು. ಒಂದು ಕಲ್ಲು ಬಿದ್ದಿದ್ದರೂ, ಮಣ್ಣು ಕಟ್ಟಿದ್ದರೂ ತೋರಿಸುವುದಿಲ್ಲ. ಅದಕ್ಕಾಗಿ ಪ್ರತಿ ಲಾರಿಗೂ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ "ಸೊನ್ನೆ!" ಎಂದು ಕೂಗುತ್ತಿದ್ದ. ಹಾಗೆಂದರೆ ಹತ್ತಬಹುದು ಎಂದರ್ಥ. ಲಾರಿ ಹತ್ತುತ್ತಿತ್ತು, ಚೀಟಿ ಹೊರಗೆ ಬರುತ್ತಿತ್ತು, ಒಂದು ಕೈ ಅದನ್ನು ಎಳೆದುಕೊಳ್ಳುತ್ತಿತ್ತು, ಲಾರಿ ಹೋಗುತ್ತಿತ್ತು. ದಿನವಿಡೀ ಇಷ್ಟೇ.

ನಾನು ಮಷೀನಿನ ಹೊಟ್ಟೆ ತೆರೆದೆ. ಇಂಥ ಕಾಯಿಲೆಗೆ ಮೊದಲು ಅನುಮಾನ ಡಿಸ್ಕಿನ ಮೇಲೆಯೇ. ಆರೋಗ್ಯ ಪರೀಕ್ಷೆ ಮಾಡಿದೆ, ಡಿಸ್ಕು ಗಟ್ಟಿಮುಟ್ಟಾಗಿತ್ತು. ತಂತಿ ಸಡಿಲವೇ ಎಂದು ನೋಡಿ ಹೊಸದು ಹಾಕಿದೆ. ಕೊನೆಗೆ, ಇದನ್ನು ಸಂಜೆ ಹೇಗೆ ಮುಚ್ಚುತ್ತೀರಿ ಎಂದು ಕೇಳಿದೆ. ಅವನು ಬಹಳ ಹೆಮ್ಮೆಯಿಂದ ಗೋಡೆಯ ಮೇಲಿನ ಮೈನ್ ಸ್ವಿಚ್ಚಿನ ಕೆಂಪು ಹಿಡಿ ತೋರಿಸಿದ. ಅದನ್ನು ಕೆಳಗೆ ಎಳೆದರೆ ಇಡೀ ಕೋಣೆ ಕತ್ತಲು.

ಅದು ಅವನ ತಪ್ಪೂ ಅಲ್ಲ. ಹರೆಯದಲ್ಲಿ ಕಟ್ಟೆಯ ಮೇಲೆ ಬಿದ್ದ ಜಲ್ಲಿ ಗುಡಿಸಲು ಬಂದವನು ಅವನು. ಆಗ ಇದ್ದದ್ದು ಉದ್ದ ಕಬ್ಬಿಣದ ತೋಳಿನ ತಕ್ಕಡಿ, ವಿದ್ಯುತ್ತೇ ಬೇಡ. ಆಮೇಲೆ ಅಂಕಿ ತೋರಿಸುವ ಪೆಟ್ಟಿಗೆ ಬಂತು. ಒಂದು ಸಲ ಸಿಡಿಲು ಬಡಿದು ಆ ಪೆಟ್ಟಿಗೆ ಸುಟ್ಟು ಕರಕಲಾಯಿತು. ಆಗಿನ ತೂಕದ ಮುದುಕ ಇವನಿಗೆ ಪಾಠ ಹೇಳಿದ: ಪ್ರಾಣ ಹೋದರೂ ಸರಿ, ಬೀಗ ಹಾಕುವ ಮುಂಚೆ ಕೆಂಪು ಹಿಡಿ ಕೆಳಗೆ. ಮುದುಕ ಹೋದ, ಕುರ್ಚಿ ಇವನಿಗೆ ಬಂತು, ಪಾಠ ಉಳಿಯಿತು. ತೂಕದ ಪೆಟ್ಟಿಗೆಗೆ ಅದು ಸರಿಯಾದ ಪಾಠವೇ. ಆದರೆ ಈಚೆಗೆ ತಂದಿಟ್ಟ ಕಂಪ್ಯೂಟರಿಗೂ ಅದೇ ಸ್ವಿಚ್ಚಿನಿಂದ ತಂತಿ ಎಳೆದಿದ್ದರು. ಕೆಲಸ ಮಾಡುತ್ತಿದ್ದ ಯಂತ್ರದ ಕತ್ತು ದಿನಾ ಸಂಜೆ ಹಿಸುಕಿದರೆ, ಅದು ಬೆಳಿಗ್ಗೆ ಎದ್ದು ಕೈಕಾಲು ಸರಿ ಇದೆಯೇ ಎಂದು ನೋಡಿಕೊಳ್ಳದೆ ಇನ್ನೇನು ಮಾಡೀತು?

ನಾನು ಬೈದೆ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇನಿದೆ. ಇಲ್ಲಿ ಒತ್ತಿ, ಶಟ್‌ಡೌನ್ ಕೊಡಿ, ದೀಪ ಆರುವ ತನಕ ಕಾಯಿರಿ, ಆಮೇಲೆ ನಿಮ್ಮ ಹಿಡಿ ಎಳೆಯಿರಿ ಎಂದು ಪಾಠ ಮಾಡಿದೆ, ತಿರುಗಿ ಒಪ್ಪಿಸಲು ಹೇಳಿದೆ. ಜಾಣ ವಿದ್ಯಾರ್ಥಿಯಂತೆ ಒಂದಕ್ಷರ ಬಿಡದೆ ಒಪ್ಪಿಸಿದ. ಎದ್ದು ಬಂದೆ.

ವಾರದೊಳಗೆ ಯಜಮಾನರ ಫೋನು. ಮತ್ತೆ ಅದೇ ಕಪ್ಪು ಪರದೆ, ಅದೇ ಕಾಲು ಗಂಟೆ. ನನಗೆ ತಲೆ ಚಿಟ್ಟು ಹಿಡಿಯಿತು. ಹೋಗಿ ಸಿಸ್ಟಮ್ಮನ್ನೇ ಅಳಿಸಿ ಹೊಸದಾಗಿ ಹಾಕಿದೆ. ಮತ್ತೆ ಫೋನು. ಆ ಡಿಸ್ಕನ್ನೇ ಕಿತ್ತು, ನನ್ನ ಚೀಲದಲ್ಲಿದ್ದ ಅದೇ ಜಾತಿಯ ಒಳ್ಳೆಯ ಡಿಸ್ಕು ಕೂರಿಸಿದೆ. ಮತ್ತೆ ಫೋನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಆ ಗಾದೆಯಲ್ಲಿ ಬರೆ ಹಾಕುವವಳು ನಾನೇ ಆಗಿಬಿಟ್ಟಿದ್ದೆ. ಪ್ರತಿಸಲವೂ ಸೊನ್ನೆಯಣ್ಣನನ್ನು ಕೇಳುತ್ತಿದ್ದೆ, ಹೇಳಿದ ಹಾಗೆ ಮುಚ್ಚುತ್ತಿದ್ದೀರಾ ಎಂದು. ಅವನು ನನ್ನ ಮುಖ ನೋಡದೆ ಹೂಂ ಎನ್ನುತ್ತಿದ್ದ. ಯಜಮಾನರು ಈ ಸಲ ಕೂಗಾಡಲಿಲ್ಲ. ತಿಂಗಳ ಕೊನೆಗೆ ಮಷೀನಿನವರಿಗೆ ಬರಲು ಹೇಳಿಬಿಡುತ್ತೇನೆ ಎಂದು ತಣ್ಣಗೆ ಹೇಳಿದರು. ಅದು ಕೂಗಾಟಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಆ ದಿನ ಸಂಜೆ ಹೇಳದೆ ಕೇಳದೆ ಹೋದೆ. ಕೊನೆಯ ಲಾರಿ ಆಗಷ್ಟೇ ಇಳಿದು ಹೋಗಿತ್ತು. ಸ್ಕೂಟರನ್ನು ದೂರ ನಿಲ್ಲಿಸಿ ಕಿಟಕಿಯ ಬಳಿ ಬಂದೆ. ಸೊನ್ನೆಯಣ್ಣ ಮೇಜು ಒರೆಸಿದ, ಕುರ್ಚಿ ಒಳಗೆ ತಳ್ಳಿದ, ಮೌಸ್ ಹಿಡಿದ. ಬಾಣ ಶಟ್‌ಡೌನ್ ಮೇಲೆ ಹೋಗಿ ನಿಂತಿತು. ಅವನು ಅದನ್ನು ನೋಡುತ್ತ ನಿಂತ. ಆಮೇಲೆ ಮೌಸಿನಿಂದ ಕೈ ತೆಗೆದು, ಗೋಡೆಯ ಕಡೆ ತಿರುಗಿ, ಕೆಂಪು ಹಿಡಿಯನ್ನು ಕೆಳಗೆ ಎಳೆದ.

ನಾನು ಬಾಗಿಲು ದೂಡಿಕೊಂಡು ಒಳಗೆ ನುಗ್ಗಿದೆ. ಇಷ್ಟು ದಿನ ನನ್ನನ್ನು ಮಂಗ ಮಾಡಿದಿರಾ, ನಾನೇನು ಕೆಲಸವಿಲ್ಲದೆ ಇಲ್ಲಿಗೆ ಧೂಳು ಕುಡಿಯಲು ಬರುತ್ತೇನೆಯೇ, ನನ್ನ ಕೈಗುಣದ ಮೇಲೇ ನನಗೆ ಅನುಮಾನ ಬರುವಂತೆ ಮಾಡಿದಿರಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಕತ್ತಲ ಕೋಣೆಯಲ್ಲಿ ಅವನು ಗೋಡೆಗೆ ಒರಗಿ, ತಪ್ಪಿಸಿಕೊಳ್ಳಲು ನೋಡದೆ, ಎಲ್ಲವನ್ನೂ ಕೇಳಿಸಿಕೊಂಡ. ನನ್ನ ಉಸಿರು ಮುಗಿದ ಮೇಲೆ ಮಾತಾಡಿದ.

"ಮೊದಲೆಲ್ಲ ನಂಗೆ ಗೊತ್ತಿರಲಿಲ್ಲ ಮೇಡಂ, ನಿಜವಾಗ್ಲೂ. ನೀವು ಹೇಳಿಕೊಟ್ಟ ಮೇಲೆ ಒಂದು ದಿನ ಸರಿಯಾಗೇ ಮುಚ್ಚಿದೆ. ಮಾರನೇ ದಿನ ಬೆಳಿಗ್ಗೆ ಅದು ತಟ್ಟನೆ ಎದ್ದುಬಿಡ್ತು. ಒಬ್ಬರೂ ಲಾರಿಯಿಂದ ಇಳೀಲಿಲ್ಲ."

ಆಮೇಲೆ ತಾನಾಗಿಯೇ ಉಳಿದದ್ದು ಹೇಳಿದ. ಅವನಿಗೆ ಮದುವೆಯಾಗಿರಲಿಲ್ಲ. "ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ, ಲೆಕ್ಕ ಸಮ ಆಯ್ತು" ಎಂದು ಅದನ್ನು ತಮಾಷೆಯಾಗಿಯೇ ಹೇಳಿದ. ಮನೆಯಲ್ಲಿ ಇದ್ದವಳು ತಾಯಿಯೊಬ್ಬಳೇ. ಕೊನೆಕೊನೆಗೆ ಅವಳಿಗೆ ಕಾಲು ಬಿದ್ದುಹೋಗಿ ಮಂಚ ಬಿಟ್ಟು ಏಳುತ್ತಿರಲಿಲ್ಲ. ಸಂಜೆ ಇವನು ಹೋದ ಕೂಡಲೇ ಇವತ್ತು ಯಾವ ಲಾರಿಯವನು ಏನಂದ ಎಂದು ಕೇಳುತ್ತಿದ್ದಳಂತೆ. ಕಿಟಕಿಯಿಂದ ಕೇಳಿಸಿದ ಒಂದೊಂದು ಮಾತನ್ನೂ ಇವನು ಅವಳಿಗಾಗಿ ಹೊತ್ತುಕೊಂಡು ಹೋಗುತ್ತಿದ್ದ, ಸಾಲದಿದ್ದರೆ ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಕಳೆದ ವರ್ಷ ಅವಳು ತೀರಿಕೊಂಡಳು. ಈ ಕಂಪ್ಯೂಟರ್ ಬಂದದ್ದು ಅದಾದ ಮೇಲೆ.

"ಈಗ ಇಲ್ಲಿ ಬೀಗ ಹಾಕಿದ್ರೆ ನಾಳೆ ಬೀಗ ತೆಗೆಯೋವರೆಗೆ ನನ್ನ ಬಾಯಿಂದ ಒಂದು ಮಾತಿಲ್ಲ. ಯಾರ ಹತ್ರ ಆಡ್ಲಿ? ಹಗಲೆಲ್ಲ ಸೊನ್ನೆ ಸೊನ್ನೆ ಅಂತ ಕೂಗೋದು ಮಾತಾ ಅದು? ಬೆಳಿಗ್ಗೆ ಆ ಕಾಲು ಗಂಟೆ ಇದೆಯಲ್ಲ, ಅಷ್ಟೇ ಮೇಡಂ. ಅಷ್ಟು ಹೊತ್ತು ನಾನೂ ಒಬ್ಬ ಮನುಷ್ಯ ಅನ್ನಿಸುತ್ತೆ."

ನನ್ನ ಕೋಪ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಆದರೆ ಸುಮ್ಮನೆ ಮರುಕಪಟ್ಟು ಎದ್ದು ಬಂದಿದ್ದರೆ ಆ ಬಡಪಾಯಿಯ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಹೇಳಬೇಡಿ ಎಂದಿದ್ದನ್ನೆಲ್ಲ ಹೇಳಿಬಿಟ್ಟೆ: ಕ್ಯಾಮೆರಾ, ಕಾರ್ಡು, ಆಳಿಲ್ಲದ ಮಷೀನು, ತಿಂಗಳ ಕೊನೆ. ಇಲ್ಲಿಂದ ಕಳಿಸಿದರೆ ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗುತ್ತೀರಿ, ಕಾಲು ಗಂಟೆ ಹಿಡಿದುಕೊಳ್ಳಲು ಹೋಗಿ ಇಡೀ ದಿನ ಕಳೆದುಕೊಳ್ಳುತ್ತೀರಿ ಎಂದೆ. ಅವನು ಬಹಳ ಹೊತ್ತು ಆ ಕೆಂಪು ಹಿಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದ. ಆಮೇಲೆ ಅದನ್ನು ಮೇಲಕ್ಕೆತ್ತಿದ. ದೀಪ ಹತ್ತಿತು, ಕಪ್ಪು ಪರದೆ ಬಂತು, ತಪಾಸಣೆ ಶುರುವಾಯಿತು. ಇಬ್ಬರೂ ಅದು ಮುಗಿಯುವವರೆಗೆ ಕಾದೆವು. ಮುಗಿದ ಮೇಲೆ ಅವನೇ ಮೌಸ್ ಹಿಡಿದು ಶಟ್‌ಡೌನ್ ಒತ್ತಿದ, ದೀಪ ಆರುವುದನ್ನು ನೋಡಿದ, ಆಮೇಲೆ ಹಿಡಿ ಎಳೆದ.

ಮಾರನೆಯ ಬೆಳಿಗ್ಗೆ ನನಗೆ ಅಲ್ಲಿ ಕೆಲಸವಿರಲಿಲ್ಲ. ಆದರೂ ಹೋದೆ. ಮಷೀನು ಎದ್ದೇಳಲು ಕಣ್ಣು ಮಿಟುಕಿಸುವಷ್ಟೂ ತಡಮಾಡಲಿಲ್ಲ. ಲಾರಿಗಳು ಒಂದರ ಹಿಂದೆ ಒಂದು ಹತ್ತಿ ಇಳಿದವು. ಮಗುವಿನ ಫೋಟೋ ತೋರಿಸಿದ್ದ ಡ್ರೈವರು ಎಂಜಿನ್ ನಿಲ್ಲಿಸದೆಯೇ ಕಿಟಕಿಯಿಂದ ಬಗ್ಗಿ, "ಇವತ್ತು ಬೇಗ ಎದ್ದಿದೆ ನಿನ್ನ ಮಷೀನು, ಬದುಕಿದೆವು ಕಣಣ್ಣ" ಎಂದ. ಚೀಟಿ ಎಳೆದುಕೊಂಡು ಹೊರಟೇಹೋದ. ಸೊನ್ನೆಯಣ್ಣ ಕೈ ಎತ್ತಿದ್ದ, ಮಗು ಹೇಗಿದೆ ಎಂದು ಕೇಳಲೆಂದೇ ಇರಬೇಕು. ಎತ್ತಿದ ಕೈಯಿಂದ ಕಿಟಕಿಯ ಧೂಳು ಒರೆಸಿದ. ಡ್ರೈವರುಗಳು ಕೆಟ್ಟವರೇನಲ್ಲ. ಅವರಿಗೂ ಹೊಟ್ಟೆಪಾಡು, ದಿನಕ್ಕೊಂದು ಸುತ್ತು ಹೆಚ್ಚು ಹೊಡೆದರೆ ಅವರ ಮನೆಗೆ ಒಳ್ಳೆಯದು. ಆದರೂ ಆ ದಿನ ನನಗೆ ಎಲ್ಲರ ಮೇಲೂ ಸಿಟ್ಟು ಬಂತು, ಯಾರನ್ನು ಬೈಯಬೇಕು ಎಂದು ಮಾತ್ರ ತಿಳಿಯಲಿಲ್ಲ.

ಹೊರಡುವಾಗ ಅವನು ನನ್ನನ್ನು ತಡೆದ. ವಾರಕ್ಕೊಂದು ಸಲವಾದರೂ ಡಿಸ್ಕು ತಪಾಸಣೆ ಮಾಡಿಕೊಂಡರೆ ಯಂತ್ರದ ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂದು ನೆಲ ನೋಡುತ್ತ ಕೇಳಿದ. ನನಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಒಳ್ಳೆಯದೇ, ಸುಳ್ಳೇನಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ತಾನಾಗಿಯೇ ತಪಾಸಣೆ ನಡೆಯುವಂತೆ ಮಾಡಿಕೊಟ್ಟೆ. ಯಜಮಾನರಿಗೆ ಫೋನು ಮಾಡಿ, ಕಾಯಿಲೆ ವಾಸಿಯಾಗಿದೆ, ಆದರೆ ವಾರಕ್ಕೊಮ್ಮೆ ಇಷ್ಟು ಹೊತ್ತು ಬಿಟ್ಟುಕೊಡದಿದ್ದರೆ ಮುಂದಿನದಕ್ಕೆ ನಾನು ಜವಾಬ್ದಾರಳಲ್ಲ ಎಂದು ಗತ್ತಿನಿಂದ ಹೇಳಿದೆ. ಅವರು ಗೊಣಗಿ ಒಪ್ಪಿದರು. ಮಷೀನಿನವರನ್ನು ಸದ್ಯಕ್ಕೆ ಬೇಡ ಅಂದಿದ್ದೇನೆ ಎಂದರು.

ಸೋಮವಾರ ಬಂತು. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ಬೀಗುತ್ತ, ಒಂದು ನೋಟ ನೋಡಿ ಹೋಗೋಣ ಎಂದು ಸ್ಕೂಟರು ತಿರುಗಿಸಿದೆ. ಬೆಂಚು ಒರೆಸಿ ಥಳಥಳ ಮಾಡಿದ್ದ. ಟೀ ಅಂಗಡಿಯಿಂದ ದೊಡ್ಡ ಫ್ಲಾಸ್ಕು ತರಿಸಿದ್ದ, ಪಕ್ಕದಲ್ಲಿ ಲೋಟಗಳ ಸಾಲು. ಒಳಗೆ ಕಪ್ಪು ಪರದೆಯ ಮೇಲೆ ಅಂಕಿ ಏರುತ್ತಿತ್ತು. ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ.

ಏನಾಯಿತೆಂದು ಕೇಳಿದೆ. ವಾರವಿಡೀ ಒಬ್ಬೊಬ್ಬ ಡ್ರೈವರಿಗೂ ಅವನು ಕಿಟಕಿಯಿಂದ ಸಾರಿ ಸಾರಿ ಹೇಳಿದ್ದನಂತೆ: ಸೋಮವಾರ ಬೆಳಿಗ್ಗೆ ಚೆಕ್ಕಿಂಗ್ ಇರುತ್ತದೆ, ಕಾಲು ಗಂಟೆ ತಡ, ಎಲ್ಲರೂ ಬನ್ನಿ, ಟೀ ಕುಡಿಯೋಣ. ಅವರು ಮೊದಲ ಎರಡು ಮಾತು ಕೇಳಿಸಿಕೊಂಡಿದ್ದರು. ಎಲ್ಲರೂ ಆ ತುದಿಯ ವೇಬ್ರಿಡ್ಜಿಗೆ ಹೋಗಿದ್ದರು. ಅಯ್ಯೋ ನಿಮ್ಮ, ಯಾರಾದರೂ ಹೀಗೆ ಮುಂಚಿತವಾಗಿ ಸಾರುತ್ತಾರೆಯೇ ಎಂದು ನಾನು ತಲೆ ಚಚ್ಚಿಕೊಂಡೆ.

"ತಡ ಆಗುತ್ತೆ ಅಂತ ಗೊತ್ತಿದ್ದೂ ಹೇಳದೆ ಇದ್ರೆ ಮೋಸ ಅಲ್ವಾ" ಎಂದ. ತೂಕದವನ ಬುದ್ಧಿ.

ಅವನ ಕಣ್ಣು ತುಂಬಿತ್ತು. ಅದನ್ನು ಅಡಗಿಸಲೆಂದು ಲೋಟಗಳನ್ನು ಎತ್ತಿ ಒಳಗಿಡಲು ಹೊರಟ. ನನಗೆ ಅಂದು ಇನ್ನೂ ಮೂರು ಕಡೆ ಹೋಗುವುದಿತ್ತು. ಒಂದು ಶಾಲೆಯವರು ಆಗಲೇ ಎರಡು ಸಲ ಫೋನು ಮಾಡಿದ್ದರು. ನಾನು ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟು, ಎರಡು ಲೋಟ ಹೊರಗೇ ಇರಲಿ ಎಂದು ಹೇಳಿ ಕುಳಿತೆ. ಅವನು ಟೀ ಬಗ್ಗಿಸಿ ಕೊಟ್ಟ, ಬೆಂಚಿನ ಆ ತುದಿಯಲ್ಲಿ ಕುಳಿತ. ಕಂಪ್ಯೂಟರ್ ಇಲ್ಲದ ಮಾತು ನನಗೂ ಅಭ್ಯಾಸ ತಪ್ಪಿ ಹೋಗಿತ್ತು.

"ತಂಗೀ" ಎಂದ ಅವನು. ಮೊದಲ ಸಲ ಮೇಡಂ ಬಿಟ್ಟು ಹಾಗೆ ಕರೆದದ್ದು. "ನಿಮ್ಮ ಮನೇಲಿ ಯಾರ್ಯಾರಿದ್ದೀರಿ?"

ಈ ಪ್ರಶ್ನೆ ಯಾರು ಕೇಳಿದರೂ ನಾನು ಕಚ್ಚುವ ಹಾಗೆ ಉತ್ತರ ಕೊಡುತ್ತೇನೆ. ಆಮೇಲೆ ಅವರು ಇನ್ನೊಂದು ಸಲ ಕೇಳುವುದಿಲ್ಲ. ನನ್ನ ಫೋನು ದಿನವಿಡೀ ಬಡಿದುಕೊಳ್ಳುತ್ತದೆ, ಅದರಲ್ಲಿ ಯಾರೂ ನನ್ನನ್ನು ವಿಚಾರಿಸಲು ಮಾಡಿದವರಲ್ಲ, ಪ್ರಿಂಟರಿನ ಆರೋಗ್ಯ ವಿಚಾರಿಸಲು ಮಾಡಿದವರು. ಅಂಗಡಿಯ ಮೇಲಿನ ಒಂದು ಕೋಣೆ, ಬಿಚ್ಚಿಟ್ಟ ನಾಲ್ಕು ಮಷೀನುಗಳು, ಅದೇ ನನ್ನ ಸಂಸಾರ. ಅಂದು ಯಾಕೋ ಕಚ್ಚಲು ಬಾಯಿ ಬರಲಿಲ್ಲ. ಒಬ್ಬಳೇ ಅಣ್ಣ, ಎಂದೆ. ಯಾವಾಗಿನಿಂದ ಎಂದು ಕೇಳಿದ. ಹೇಳತೊಡಗಿದೆ.

ಗಂಡನ ಮನೆಗೆ ಹೋದದ್ದು, ಅಲ್ಲಿ ಕೆಟ್ಟು ಬಿದ್ದಿದ್ದ ರೇಡಿಯೋ ಒಂದನ್ನು ನಾನು ಬಿಚ್ಚಿ ಸರಿಮಾಡಿದ್ದಕ್ಕೆ ಅತ್ತೆ ಮೂರು ದಿನ ಮಾತು ಬಿಟ್ಟದ್ದು, ಅವರು ಬಿಟ್ಟ ಮಾತನ್ನು ಆಮೇಲೆ ಗಂಡನೂ ಬಿಟ್ಟದ್ದು. ಒಂದೇ ಮನೆಯಲ್ಲಿ ಒಂದು ವರ್ಷ ಮಾತಿಲ್ಲದೆ ಅನ್ನ ಬಡಿಸಿದೆ. ಅಪ್ಪನ ಮನೆಗೆ ವಾಪಸು ಬಂದ ದಿನ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಇದನ್ನೆಲ್ಲ ನಾನು ಯಾರಿಗೂ ಹೇಳಿದವಳಲ್ಲ. ಸೊನ್ನೆಯಣ್ಣ ಟೀ ಆರಿದ್ದೂ ಗೊತ್ತಾಗದೆ, ನನ್ನ ಕಡೆ ತಿರುಗಿ ಕುಳಿತು ಕೇಳುತ್ತಿದ್ದ. ಮಧ್ಯೆ ಮಧ್ಯೆ ಹೂಂ ಎನ್ನುತ್ತಿದ್ದ.

ಒಳಗೆ ತಪಾಸಣೆ ಮುಗಿದಿತ್ತು. ತೆರೆದ ಬಾಗಿಲಿನಿಂದ ನೀಲಿ ಪರದೆಯೂ ಅದರ ಮೇಲೆ ತೂಕದ ಪ್ರೋಗ್ರಾಮೂ ನನಗೆ ಕಾಣುತ್ತಿದ್ದವು. ಅವನಿಗೂ ಕಾಣುತ್ತಿದ್ದವು. ಅಷ್ಟರಲ್ಲಿ ಕ್ರಷರಿನ ಕಡೆಯಿಂದ ಜಲ್ಲಿ ತುಂಬಿದ ಲಾರಿಯೊಂದು ಬಂದು ಕಟ್ಟೆಯ ಮುಂದೆ ನಿಂತು ಜೋರಾಗಿ ಹಾರನ್ ಹೊಡೆಯಿತು. ನಾನು ಮಾತು ನಿಲ್ಲಿಸಿ, ಕಣ್ಣು ಒರೆಸಿಕೊಂಡು, ಹೆಲ್ಮೆಟ್ ಕೈಗೆತ್ತಿಕೊಂಡೆ.

ಸೊನ್ನೆಯಣ್ಣ ಕುಳಿತಲ್ಲಿಂದಲೇ ಲಾರಿಯ ಕಡೆ ಕೈ ಅಡ್ಡ ಮಾಡಿದ.

"ಐದು ನಿಮಿಷ ತಡ್ಕೊಳಪ್ಪಾ, ಚೆಕ್ಕಿಂಗ್ ಇನ್ನೂ ನಡೀತಿದೆ" ಎಂದು ಕೂಗಿ ಹೇಳಿ, ನನ್ನ ಕಡೆ ತಿರುಗಿದ. "ಹೂಂ ತಂಗಿ, ಆಮೇಲೆ?"